ಮನವಿ ಯಾರ ಮೇಜಿಗೆ? ಆಪ್ಟೋಮೆಟ್ರಿ ವಿದ್ಯಾರ್ಥಿಗಳು ರಾಜ್ಯ ಮಟ್ಟದಲ್ಲಿ ವೃತ್ತಿಯ ಪರ ಕೆಲಸ ಮಾಡಲು ಒಂದು ಸಮಗ್ರ ಮಾರ್ಗದರ್ಶಿ

ಮಾರ್ಚ್ 23 ವಿಶ್ವ ಆಪ್ಟೋಮೆಟ್ರಿ ದಿನ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವ ವೃತ್ತಿಯವರ ದಿನ. ಬಿಳಿ ಕೋಟು ತೊಟ್ಟು ಒಂದು ಜಾಥಾ, ಒಂದು ಬ್ಯಾನರು, ಕೊನೆಗೆ ಕೈಗೆ ಸಿಕ್ಕ ಸಚಿವರಿಗೋ ಶಾಸಕರಿಗೋ ಒಂದು ಮನವಿ, ಜೊತೆಗೊಂದು ಗ್ರೂಪ್ ಫೋಟೊ. ಮನವಿಯಲ್ಲಿ ಹತ್ತು ಹನ್ನೆರಡು ಬೇಡಿಕೆ: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಬ್ಬ ಆಪ್ಟೋಮೆಟ್ರಿಸ್ಟ್, ಔಷಧ ಬರೆಯುವ ಹಕ್ಕು, ಸಿಲಬಸ್ ಬದಲಾವಣೆ, ಸ್ಟೈಪೆಂಡ್, ಡ್ರೈವಿಂಗ್ ಲೈಸೆನ್ಸಿನ (ಡಿಎಲ್) ವೈದ್ಯಕೀಯ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ. ಸಾಹೇಬರು ನಗುತ್ತಲೇ ತೆಗೆದುಕೊಂಡು ಅಂಚಿನಲ್ಲಿ ‘ಪರಿಶೀಲಿಸಿ, ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂದು ಷರಾ ಬರೆಯುತ್ತಾರೆ. ಮುಂದಿನ ಮಾರ್ಚ್‌ನಲ್ಲಿ ಅದೇ ಮನವಿ, ಬೇರೆ ಬ್ಯಾಚು.

ಇದರಲ್ಲಿ ಸಚಿವರ ಉದಾಸೀನಕ್ಕಿಂತ ಮನವಿಯ ತಪ್ಪೇ ದೊಡ್ಡದು. ಆ ಹನ್ನೆರಡರಲ್ಲಿ ಕೆಲವು ರಾಜ್ಯದ ಕೈಯಲ್ಲೇ ಇಲ್ಲ, ಉಳಿದವು ನಾಲ್ಕು ಬೇರೆ ಬೇರೆ ಕಚೇರಿಗೆ ಸೇರಿದವು. ಹನ್ನೆರಡು ವಿಷಯದ ಒಂದು ಕಾಗದವನ್ನು ಯಾವ ಗುಮಾಸ್ತರು ಯಾವ ಕಡತಕ್ಕೆ ಸೇರಿಸಬೇಕು? ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಕೇಳುವ ಪ್ರಶ್ನೆ ಒಂದೇ: ನಿಮ್ಮ ಬೇಡಿಕೆಗೆ ‘ಆಗಲಿ’ ಎಂದು ಸಹಿ ಹಾಕುವ ಅಧಿಕಾರ ಯಾರ ಮೇಜಿನ ಮೇಲಿದೆ?

ಹಂತ 1: ಕಾಯ್ದೆಯನ್ನು ಒಮ್ಮೆ ಪೂರ್ತಿ ಓದಿ

ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ, 2021. ಎಲ್ಲರ ಬಾಯಲ್ಲೂ ಇದು ಎನ್‌ಸಿಎಎಚ್‌ಪಿ ಕಾಯ್ದೆ. 2021ರ ಮಾರ್ಚ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಇದರ ಅನುಸೂಚಿಯಲ್ಲಿ ಹತ್ತು ವೃತ್ತಿ ವರ್ಗಗಳಿವೆ; ಆಪ್ಟೋಮೆಟ್ರಿ ಬರುವುದು ನೇತ್ರ ವಿಜ್ಞಾನ ವರ್ಗದಲ್ಲಿ.

ಓದುವಾಗ ಮೂರು ಕಡೆ ಪೆನ್ಸಿಲ್ ಗುರುತು ಹಾಕಿ. ಮೊದಲನೆಯದು ವ್ಯಾಖ್ಯೆಗಳು. ಕಾಯ್ದೆ ಎರಡು ಗುಂಪು ಮಾಡುತ್ತದೆ: 2,000 ಗಂಟೆಗೆ ಕಡಿಮೆಯಿಲ್ಲದ, ಎರಡರಿಂದ ನಾಲ್ಕು ವರ್ಷದ ಡಿಪ್ಲೊಮಾ ಅಥವಾ ಪದವಿ ಪಡೆದವರು ‘ಅಲೈಡ್ ಹೆಲ್ತ್ ಪ್ರೊಫೆಷನಲ್’, 3,600 ಗಂಟೆಗೆ ಕಡಿಮೆಯಿಲ್ಲದ, ಮೂರರಿಂದ ಆರು ವರ್ಷದ ಪದವಿ ಪಡೆದವರು ‘ಹೆಲ್ತ್‌ಕೇರ್ ಪ್ರೊಫೆಷನಲ್’. ಮನವಿಯಲ್ಲಿ ನಿಮ್ಮನ್ನು ಯಾವ ಪದದಿಂದ ಕರೆದುಕೊಳ್ಳಬೇಕು ಎಂಬುದು ಇಲ್ಲೇ ತೀರ್ಮಾನ. ‘ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳು’ ಎಂದು ಬರೆದುಕೊಂಡರೆ ಕಾಗದ ಪ್ಯಾರಾಮೆಡಿಕಲ್ ಬೋರ್ಡಿನ ದಾರಿ ಹಿಡಿಯುತ್ತದೆ, ಅಲ್ಲಿರುವುದು ಡಿಪ್ಲೊಮಾ ಕೋರ್ಸುಗಳ ವ್ಯವಹಾರ. ಎರಡನೆಯದು ರಾಜ್ಯ ಪರಿಷತ್ತಿನ ಅಧ್ಯಾಯ: ರಾಜ್ಯದ ರಿಜಿಸ್ಟರ್, ಜೊತೆಗೆ ಪದವಿ ಶಿಕ್ಷಣ, ಸ್ನಾತಕೋತ್ತರ ಶಿಕ್ಷಣ, ಮೌಲ್ಯಮಾಪನ, ನೀತಿ ಮತ್ತು ನೋಂದಣಿಯ ನಾಲ್ಕು ಮಂಡಳಿಗಳು. ಮೂರನೆಯದು ಅನುಸೂಚಿ.

ಕಾಯ್ದೆ ಬಂದರೂ ರಾಜ್ಯಗಳು ಪರಿಷತ್ತು ರಚಿಸುವುದರಲ್ಲಿ ಹಿಂದೆ ಬಿದ್ದವು. 2024ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಎರಡು ತಿಂಗಳೊಳಗೆ ಕಾಯ್ದೆ ಜಾರಿಗೊಳಿಸಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಸೂಚಿಸಿತು. ಕರ್ನಾಟಕದಲ್ಲಿ ಈಗ ರಾಜ್ಯ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪರಿಷತ್ತು ಇದೆ. ಅಂದರೆ ‘ಪರಿಷತ್ತು ರಚಿಸಿ’ ಎಂಬ ಹಳೆಯ ಮನವಿಯನ್ನು ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ತೆಗೆದು ತಾರೀಖು ಬದಲಿಸಿ ಕೊಡಬೇಡಿ. ಇದು ನಡೆಯುವ ಸಂಗತಿಯೇ. ಅಧಿಕಾರಿ ಮೊದಲ ಸಾಲು ಓದಿ ಬದಿಗಿಡುತ್ತಾರೆ.

ಹಂತ 2: ಬೇಡಿಕೆಗಳನ್ನು ಮೇಜುಗಳಿಗೆ ಹಂಚಿ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿವೆ. ವೈದ್ಯಕೀಯ ಮತ್ತಿತರ ವೃತ್ತಿಗಳು ಸಮವರ್ತಿ ಪಟ್ಟಿಯಲ್ಲಿವೆ. ಉನ್ನತ ಶಿಕ್ಷಣದ ಗುಣಮಟ್ಟ ನಿರ್ಧಾರ ಕೇಂದ್ರದ್ದು. ಈ ಮೂರು ಸಾಲು ಗೋಡೆಗೆ ಅಂಟಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ದೆಹಲಿಗೆ ಸೇರಿದವು: ಕೋರ್ಸಿನ ಕನಿಷ್ಠ ಅವಧಿ ಮತ್ತು ಪಠ್ಯಕ್ರಮ, ವೃತ್ತಿಯ ವ್ಯಾಪ್ತಿ, ಪದವಿಯ ಹೆಸರು. ಔಷಧ ಬರೆಯುವುದು ಔಷಧ ಕಾಯ್ದೆಯ ವಿಷಯ, ಅದೂ ಕೇಂದ್ರದ್ದೇ. ಡಿಎಲ್‌ಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಫಾರಂ 1ಎ. ಅದಕ್ಕೆ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂಬುದನ್ನು ಬದಲಿಸಲು ಬೆಂಗಳೂರಿನ ಯಾವ ಸಚಿವರಿಗೂ ಸಾಧ್ಯವಿಲ್ಲ.

ಬೆಂಗಳೂರಿಗೆ ಸೇರಿದವುಗಳಲ್ಲೂ ಎರಡು ಇಲಾಖೆ. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಕೈಯಲ್ಲಿ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ, ಅಂಧತ್ವ ನಿಯಂತ್ರಣ ಕಾರ್ಯಕ್ರಮ, ಆಶಾಕಿರಣ ಯೋಜನೆಯ ಮನೆಮನೆ ಕಣ್ಣು ತಪಾಸಣೆ, ಅಲ್ಲಿಯ ಹುದ್ದೆಗಳು. ವೈದ್ಯಕೀಯ ಶಿಕ್ಷಣ ಇಲಾಖೆಯ ಕೈಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳು, ಅವುಗಳಿಗೆ ಅಂಟಿಕೊಂಡ ಬೋಧನಾ ಆಸ್ಪತ್ರೆಗಳು. ಇಬ್ಬರು ಸಚಿವರು, ಇಬ್ಬರು ಕಾರ್ಯದರ್ಶಿಗಳು. ಜಿಲ್ಲಾ ಆಸ್ಪತ್ರೆ ಎಂದು ಬೋರ್ಡು ಹಾಕಿಕೊಂಡಿದ್ದರೂ ಮೆಡಿಕಲ್ ಕಾಲೇಜಿನ ಅಧೀನಕ್ಕೆ ಹೋಗಿರುವ ಆಸ್ಪತ್ರೆಗಳು ಬಹಳ. ಅಂಥ ಕಡೆ ಆರೋಗ್ಯ ಸಚಿವರಿಗೆ ಕೊಟ್ಟ ಮನವಿ ‘ನಮ್ಮ ಇಲಾಖೆಗೆ ಸಂಬಂಧಿಸಿಲ್ಲ’ ಎಂಬ ಹಿಂಬರಹದೊಂದಿಗೆ ವಾಪಸಾಗುತ್ತದೆ.

ಪರೀಕ್ಷೆ, ಫಲಿತಾಂಶ, ಇಂಟರ್ನ್‌ಶಿಪ್ ಲಾಗ್‌ಬುಕ್ ಇವೆಲ್ಲ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಅಥವಾ ನಿಮ್ಮದು ಡೀಮ್ಡ್ ಇಲ್ಲವೇ ಖಾಸಗಿ ವಿವಿ ಆದರೆ ಅಲ್ಲಿಗೇ. ಅದಕ್ಕೆ ಶಾಸಕರನ್ನು ಎಳೆಯಬೇಡಿ.

ಹಂತ 3: ಒಂದೇ ಒಂದು ಬೇಡಿಕೆ

ರಾಜ್ಯದ ಮೇಜಿಗೆ ಸೇರಿದ ಬೇಡಿಕೆಗಳನ್ನು ಸೋಸಿದ ಮೇಲೆ ಒಂದನ್ನು ಆರಿಸಿ. ಒಳ್ಳೆಯ ಬೇಡಿಕೆಗೆ ಮೂರು ಲಕ್ಷಣ: ಒಂದು ಕಚೇರಿ ಮಾಡಬಲ್ಲದ್ದು, ಒಂದು ವಾಕ್ಯದಲ್ಲಿ ಹೇಳಬಹುದಾದದ್ದು, ಆಯಿತೋ ಇಲ್ಲವೋ ಎಂದು ಆರು ತಿಂಗಳ ನಂತರ ಪರೀಕ್ಷಿಸಬಹುದಾದದ್ದು.

‘ಆಪ್ಟೋಮೆಟ್ರಿಗೆ ನ್ಯಾಯ ಕೊಡಿ’ ಬೇಡಿಕೆಯೇ ಅಲ್ಲ. ‘ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಖಾಲಿ ಇರುವ ನೇತ್ರ ಸಹಾಯಕ ಹುದ್ದೆಯನ್ನು ತುಂಬಿ’ ಬೇಡಿಕೆ. ‘ಆ ಹುದ್ದೆಯ ನೇಮಕಾತಿ ನಿಯಮದ ವಿದ್ಯಾರ್ಹತೆ ಕಾಲಂನಲ್ಲಿ ಆಪ್ಟೋಮೆಟ್ರಿ ಪದವಿಯನ್ನೂ ಸೇರಿಸಿ’ ಇನ್ನೂ ಒಳ್ಳೆಯ ಬೇಡಿಕೆ.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ನೋಡೋಣ, ನಿಜವಾದ ಗಂಟು ಇಲ್ಲೇ ಇದೆ. ಸರ್ಕಾರಿ ಹುದ್ದೆಗೆ ಯಾರು ಅರ್ಹರು ಎಂದು ಹೇಳುವುದು ವೃಂದ ಮತ್ತು ನೇಮಕಾತಿ ನಿಯಮಗಳು, ಕಚೇರಿ ಭಾಷೆಯಲ್ಲಿ ‘ಸಿ ಆ್ಯಂಡ್ ಆರ್’. ಅದರ ಕಾಲಂನಲ್ಲಿ ಡಿಪ್ಲೊಮಾದ ಹೆಸರು ಮಾತ್ರ ಇದ್ದರೆ ನಾಲ್ಕು ವರ್ಷದ ಪದವೀಧರರ ಅರ್ಜಿಯೂ ಪರಿಶೀಲನೆಯಲ್ಲೇ ಬೀಳಬಹುದು. ಹೆಚ್ಚು ಓದಿದ್ದೇವೆ ಎಂಬ ವಾದ ಅಲ್ಲಿ ನಡೆಯದು, ನಿಯಮದಲ್ಲಿರುವ ಅಕ್ಷರ ನಡೆಯುತ್ತದೆ. ಪದವಿಯ ಹೆಸರು ಒಂದೆಡೆ ಬಿ.ಎಸ್‌ಸಿ. ಆಪ್ಟೋಮೆಟ್ರಿ, ಇನ್ನೊಂದೆಡೆ ಬಿ.ಆಪ್ಟಮ್ ಎಂದು ಇರುವುದರಿಂದ ತಿದ್ದುಪಡಿ ಕೇಳುವಾಗ ಎರಡೂ ಹೆಸರನ್ನು ಬರೆದುಕೊಡಬೇಕು.

ನಿಯಮ ತಿದ್ದುವಾಗ ಸರ್ಕಾರ 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದ ಪ್ರಕಾರ ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆ ಕರೆಯುತ್ತದೆ. ಸಾಮಾನ್ಯವಾಗಿ ಕೊಡುವ ಸಮಯ 15 ದಿನ. ಆ 15 ದಿನದಲ್ಲಿ ಲಿಖಿತವಾಗಿ ಬಂದ ಆಕ್ಷೇಪಣೆಯನ್ನು ಇಲಾಖೆ ನೋಡಲೇಬೇಕು; ಹದಿನಾರನೇ ದಿನದ ಜಾಥಾ, ಧರಣಿಗೆ ಆ ಬಲವಿಲ್ಲ. ಹಾಗಾಗಿ ತಂಡದಲ್ಲಿ ಒಬ್ಬರಿಗೆ ಒಂದೇ ಕೆಲಸ ಕೊಡಿ: ವಾರಕ್ಕೊಮ್ಮೆ ರಾಜ್ಯಪತ್ರ ತೆರೆದು ಎರಡು ಇಲಾಖೆಗಳ ಅಧಿಸೂಚನೆ ನೋಡುವುದು. ಇಪ್ಪತ್ತು ನಿಮಿಷದ ಕೆಲಸ. ಬೇಸರದ್ದು, ನಿಜ. ಆದರೆ ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಇನ್ನೆಲ್ಲೂ ಇಲ್ಲ.

ಹಂತ 4: ಅಂಕಿ ಕೈಯಲ್ಲಿರಲಿ

ಬೇಡಿಕೆಗೆ ಬಲ ಬರುವುದು ಇಲಾಖೆಯದೇ ಅಂಕಿಯಿಂದ. ಗೂಗಲ್ ಫಾರಂನಲ್ಲಿ ಗೆಳೆಯರಿಂದ ತುಂಬಿಸಿದ ಸರ್ವೆ ತೋರಿಸಿದರೆ ಅಧಿಕಾರಿ ಓದುವುದಿಲ್ಲ. ಅವರ ಕಚೇರಿಯ ಮುದ್ರೆ ಇರುವ ಉತ್ತರ ತೋರಿಸಿದರೆ ಅಲ್ಲಗಳೆಯಲಾರರು. ದಾರಿ: 2005ರ ಮಾಹಿತಿ ಹಕ್ಕು ಕಾಯ್ದೆ.

ಕರ್ನಾಟಕದ ನಿಯಮದಲ್ಲಿ ಹೊರಗಿನವರಿಗೆ ಗೊತ್ತಿರದ ಒಂದು ಕಟ್ಟು ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಬೇರೆ ರಾಜ್ಯದ ಮಾದರಿ ನಕಲು ಮಾಡಿ ಮೂರು ಪುಟ ಕಳಿಸಿದವರ ಅರ್ಜಿ ಈ ಒಂದೇ ಕಾರಣಕ್ಕೆ ತಿರಸ್ಕಾರವಾಗುತ್ತದೆ. ಶುಲ್ಕ ₹10, ಪೋಸ್ಟಲ್ ಆರ್ಡರ್ ಮೂಲಕ ಅಥವಾ ರಾಜ್ಯದ ಆರ್‌ಟಿಐ ಪೋರ್ಟಲ್‌ನಲ್ಲಿ ಆನ್‌ಲೈನ್. ಉತ್ತರಕ್ಕೆ 30 ದಿನ. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ ಹಾಕುವ ಅರ್ಜಿಯ ಒಡಲು ಹೀಗಿದ್ದರೆ ಸಾಕು:

‘ಮಾನ್ಯರೇ, ತಮ್ಮ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳು ಮತ್ತು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಕಣ್ಣಿನ ವಿಭಾಗದ ಹುದ್ದೆಗಳಿಗೆ ಸಂಬಂಧಿಸಿದಂತೆ ಈ ಕೆಳಗಿನ ಮಾಹಿತಿಯನ್ನು ದೃಢೀಕೃತ ಪ್ರತಿಯಲ್ಲಿ ಒದಗಿಸಲು ಕೋರುತ್ತೇನೆ. 1) ನೇತ್ರ ಸಹಾಯಕ, ನೇತ್ರಾಧಿಕಾರಿ, ಆಪ್ಟೋಮೆಟ್ರಿಸ್ಟ್ ಅಥವಾ ತತ್ಸಮಾನ ಹೆಸರಿನ, ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳ ಸಂಖ್ಯೆ, ಆಸ್ಪತ್ರೆವಾರು. 2) ಅದೇ ಕೆಲಸಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯಲ್ಲಿರುವವರ ಸಂಖ್ಯೆ, ಆಸ್ಪತ್ರೆವಾರು. 3) ಸದರಿ ಹುದ್ದೆಗೆ ಈಗ ಜಾರಿಯಲ್ಲಿರುವ ವಿದ್ಯಾರ್ಹತೆಯ ಆದೇಶದ ಪ್ರತಿ.’

‘ತತ್ಸಮಾನ ಹೆಸರಿನ’ ಎಂಬ ಮಾತು ಬಿಟ್ಟರೆ ‘ಆಪ್ಟೋಮೆಟ್ರಿಸ್ಟ್ ಹೆಸರಿನ ಹುದ್ದೆ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದು ಒಂದು ತಿಂಗಳು ನೀರುಪಾಲು. ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆಯವರನ್ನು ಬೇರೆಯಾಗಿ ಕೇಳದಿದ್ದರೆ ಖಾಲಿ ಹುದ್ದೆಯ ಲೆಕ್ಕ ಸುಳ್ಳಾಗುತ್ತದೆ. ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ‘ಅಲ್ಲಿ ನಮ್ಮ ಎನ್‌ಎಚ್‌ಎಂ ಹುಡುಗಿ ಇದ್ದಾಳಲ್ರೀ’ ಎಂದರೆ ನಿಮ್ಮ ಮುಖ ಸಣ್ಣದಾಗುತ್ತದೆ. ‘ಏಕೆ ತುಂಬಿಲ್ಲ’ ಎಂದು ಕೇಳಬೇಡಿ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ, ಕಾರಣ ವಿವರಿಸುವುದಲ್ಲ.

ಅರ್ಜಿ ಹಾಕುವವರ ಹೆಸರು ಕಾಲೇಜಿನದಾಗಬಾರದು. ಭಾರತದ ನಾಗರಿಕರಾಗಿ, ಮನೆ ವಿಳಾಸದಿಂದ, ನಿಮ್ಮ ಹೆಸರಲ್ಲಿ ಹಾಕಿ.

ಇದರ ಜೊತೆಗೆ ಶಿಬಿರದಲ್ಲಿ ನೀವೇ ಕಂಡ ಒಂದು ಅಂಕಿ ಇದ್ದರೆ ಒಳ್ಳೆಯದು: ಶಾಲೆಯೊಂದರಲ್ಲಿ ಆರು ಮೀಟರಿನ ಚಾರ್ಟ್ ಹಿಡಿದು ಎಷ್ಟು ಮಕ್ಕಳನ್ನು ನೋಡಿದಿರಿ, ಎಷ್ಟು ಮಕ್ಕಳಿಗೆ ಕನ್ನಡಕ ಬೇಕಿತ್ತು, ಅದರಲ್ಲಿ ಎಷ್ಟು ಜನ ಆಗಲೇ ಹಾಕಿಕೊಂಡಿದ್ದರು. ಮಕ್ಕಳ ಹೆಸರು, ಫೋಟೊ ಯಾವುದೂ ಬೇಡ. ಶಿಬಿರ ನಡೆಸಿದ ಸಂಸ್ಥೆಯ ಒಪ್ಪಿಗೆ ಪತ್ರದಲ್ಲಿರಲಿ.

ಹಂತ 5: ಮನವಿ ಬರೆಯುವ ಬಗೆ

ಕನ್ನಡದಲ್ಲೇ ಬರೆಯಿರಿ. ಭಾಷಾಭಿಮಾನ ಒಂದು ಕಡೆಗಿರಲಿ, ಕಾರಣ ಶುದ್ಧ ವ್ಯಾವಹಾರಿಕ: ಕಡತದ ಟಿಪ್ಪಣಿ ಬರೆಯುವ ವಿಷಯ ನಿರ್ವಾಹಕರು ಕನ್ನಡದಲ್ಲಿ ಬರೆಯುತ್ತಾರೆ. ನಿಮ್ಮ ವಾಕ್ಯ ಸಿದ್ಧ ಕನ್ನಡದಲ್ಲಿದ್ದರೆ ಅದೇ ವಾಕ್ಯ ಟಿಪ್ಪಣಿಗೆ ಹೋಗುತ್ತದೆ. ಇಂಗ್ಲಿಷ್ ಪ್ರೆಸೆಂಟೇಷನ್ ಕೊಟ್ಟರೆ ಅವರು ಅರ್ಥ ಮಾಡಿಕೊಂಡಷ್ಟು ಹೋಗುತ್ತದೆ.

ಒಂದೇ ಹಾಳೆ, ಒಂದೇ ಮಗ್ಗುಲು. ‘ಇಂದ’, ‘ಗೆ’, ‘ವಿಷಯ’, ‘ಉಲ್ಲೇಖ’ ಆದ ಮೇಲೆ ಮೂರು ಪ್ಯಾರಾ. ವಿಷಯದ ಸಾಲಿನಲ್ಲೇ ಬೇಡಿಕೆ ಮುಗಿದಿರಲಿ. ಉಲ್ಲೇಖದಲ್ಲಿ ಆರ್‌ಟಿಐ ಉತ್ತರದ ಸಂಖ್ಯೆ ಮತ್ತು ದಿನಾಂಕ ಹಾಕಿ. ಮೊದಲ ಪ್ಯಾರಾದಲ್ಲಿ ಅಂಕಿ, ಎರಡನೆಯದರಲ್ಲಿ ಅದರಿಂದ ಊರಿನ ಜನರಿಗೆ ಆಗಿರುವ ತೊಂದರೆ, ಮೂರನೆಯದರಲ್ಲಿ ಏನಾಗಬೇಕು. ‘ಕಣ್ಣು ದೇಹದ ಕಿಟಕಿ, ಸರ್ವೇಂದ್ರಿಯಾಣಾಂ ನಯನಂ ಪ್ರಧಾನಂ’ ಎಂದು ಶುರು ಮಾಡುವ ಚಟ ನಮ್ಮವರಿಗೆ ಬಹಳ. ಬಿಡಿ. ಓದುವವರಿಗೂ ಕಣ್ಣಿದೆ.

ವಿಷಯದ ಸಾಲು ಹೀಗೆ: ‘ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ಖಾಲಿ ಇರುವ ನೇತ್ರ ಸಹಾಯಕ ಹುದ್ದೆಯನ್ನು ಭರ್ತಿ ಮಾಡುವ ಕುರಿತು.’ ಇಷ್ಟೇ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದಕ್ಕೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸಚಿವರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡ ಮನವಿಗೆ ಸ್ವೀಕೃತಿ ಇರುವುದಿಲ್ಲ, ಆದ್ದರಿಂದ ಅದಕ್ಕೆ ಅಸ್ತಿತ್ವವೂ ಇಲ್ಲ. ಸಚಿವರಿಗೆ ಕೊಟ್ಟರೂ ಅದೇ ದಿನ ಇನ್ನೊಂದು ಪ್ರತಿಯನ್ನು ಕಾರ್ಯದರ್ಶಿಯವರ ಟಪಾಲಿಗೆ ಹಾಕಿ. ಎರಡು ಮೂರು ವಾರದ ನಂತರ ಹೋಗಿ ಕಡತ ಸಂಖ್ಯೆ ಕೇಳಿ. ಮುಂದಿನ ಪ್ರತಿ ಕಾಗದದ ಉಲ್ಲೇಖದಲ್ಲಿ ಆ ಸಂಖ್ಯೆಯೇ ನಿಮ್ಮ ಕೀಲಿಕೈ.

ಹಂತ 6: ಶಾಸಕರ ಭೇಟಿ

ಯಾವ ಶಾಸಕರು? ಕಾಲೇಜು ಇರುವ ಕ್ಷೇತ್ರದವರು ಎಂದು ಹಲವರು ಹೊರಡುತ್ತಾರೆ. ಅಲ್ಲಿ ನಿಮಗೆ ಮತವಿಲ್ಲ. ‘ಯಾವೂರಪ್ಪ?’ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಅವರ ಕ್ಷೇತ್ರದ ಊರಿನ ಹೆಸರು ಉತ್ತರವಾಗಿ ಬಂದರೆ ಕುರ್ಚಿ ಸಿಗುತ್ತದೆ. ಐವತ್ತು ಜನರ ತರಗತಿಯಲ್ಲಿ ಮೂವತ್ತು ಕ್ಷೇತ್ರದವರಾದರೂ ಇರುತ್ತಾರೆ. ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರು ತಮ್ಮ ತಮ್ಮ ಶಾಸಕರನ್ನು ಭೇಟಿಯಾಗಲಿ. 224 ಸದಸ್ಯರ ವಿಧಾನಸಭೆಯಲ್ಲಿ ಮೂವತ್ತು ಜನರ ಕಿವಿಗೆ ಒಂದೇ ಮಾತು ಬಿದ್ದರೆ ಅದು ಸಣ್ಣದಲ್ಲ. ಚೆನ್ನೈ, ಹೈದರಾಬಾದಿನಲ್ಲಿ ಓದುತ್ತಿರುವ ನಮ್ಮ ಹುಡುಗರಿಗೂ ಈ ದಾರಿ ಮುಕ್ತ: ಓದು ಎಲ್ಲಿದ್ದರೇನು, ಮತ ಊರಿನಲ್ಲಿದೆ.

ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೆಂಟು ತುಂಬಿದವರಿಗೆ ಫಾರಂ 6.

ಶಾಸಕರು ಊರಿನಲ್ಲಿದ್ದರೆ ಬೆಳಿಗ್ಗೆ ಮನೆಯ ಮುಂದೆಯೇ ಜನ ಸೇರಿರುತ್ತಾರೆ. ಪಿಎ ಅವರಿಗೆ ಹಿಂದಿನ ದಿನ ಫೋನ್ ಮಾಡಿ ವಿಷಯ ಹೇಳಿಟ್ಟಿರಿ; ಪಿಎ ಅವರನ್ನು ದಾಟಿ ಹೋದೆವೆಂದು ಬೀಗುವವರಿಗೆ ಎರಡನೇ ಭೇಟಿ ಸಿಗುವುದಿಲ್ಲ. ಮೂವರು ಅಥವಾ ನಾಲ್ವರು ಹೋಗಿ, ಒಬ್ಬರೇ ಮಾತಾಡಿ, ಇನ್ನೊಬ್ಬರು ಬರೆದುಕೊಳ್ಳಲಿ. ಸಿಗುವುದು ಎರಡು ನಿಮಿಷ, ಅದರಲ್ಲೂ ಅರ್ಧ ಫೋನ್ ಕರೆ.

ಆ ಎರಡು ನಿಮಿಷ ಹೀಗೆ:

‘ನಮಸ್ಕಾರ ಸರ್. ನಾವು ನಿಮ್ಮ ಕ್ಷೇತ್ರದವರೇ, ಆಪ್ಟೋಮೆಟ್ರಿ ಓದ್ತಿದೀವಿ. ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡೋ ಓದು ಸರ್. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕೆಲಸದ ಹುದ್ದೆ ಮಂಜೂರಾಗಿದೆ, ಆದರೆ ಖಾಲಿ ಇದೆ. ಡಿಎಚ್‌ಒ ಆಫೀಸಿನವರೇ ಕೊಟ್ಟ ಉತ್ತರ ಇದು. ಜನ ಕನ್ನಡಕದ ನಂಬರಿಗೆ ಜಿಲ್ಲಾ ಕೇಂದ್ರಕ್ಕೆ ಹೋಗ್ತಿದಾರೆ. ಮುಂದಿನ ಕೆಡಿಪಿ ಸಭೆಯಲ್ಲಿ ತಾವು ಇದನ್ನೊಂದು ಕೇಳಬೇಕು ಸರ್, ಮತ್ತೆ ಸಚಿವರಿಗೆ ತಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬೇಕು. ಡ್ರಾಫ್ಟ್ ತಂದಿದೀವಿ.’

ಬೆಳಗಾವಿ, ವಿಜಯಪುರದ ಕಡೆಯಾದರೆ ‘ಸಾಹೇಬ್ರ’ ಎನ್ನಿ. ಮಾತು ನಿಮ್ಮ ಊರಿನದೇ ಆಗಿರಲಿ, ಆ್ಯಂಕರ್ ಕನ್ನಡ ಬೇಡ.

ಗಮನಿಸಿ, ಇಲ್ಲಿ ಕೇಳಿದ್ದು ಎರಡು, ಎರಡೂ ಶಾಸಕರು ಇವತ್ತೇ ಮಾಡಬಲ್ಲವು. ತಾಲ್ಲೂಕಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕು ಆರೋಗ್ಯಾಧಿಕಾರಿ ಎದ್ದು ನಿಂತು ಉತ್ತರಿಸಬೇಕು, ಅದು ನಡವಳಿಯಲ್ಲಿ ದಾಖಲಾಗುತ್ತದೆ. ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಬರಬೇಕು. ವಿಧಾನಸೌಧದಷ್ಟು ಹೊಳಪಿಲ್ಲದ ಈ ಸಭೆ ಉಪಕರಣದ ಕೊರತೆಯಂಥ ಸ್ಥಳೀಯ ವಿಷಯಕ್ಕೆ ಬಹಳ ಉಪಯುಕ್ತ. ಟ್ರಯಲ್ ಸೆಟ್, ರೆಟಿನೋಸ್ಕೋಪ್ ಇಲ್ಲದೆ ಧೂಳು ಹಿಡಿದ ಕಣ್ಣಿನ ಕೋಣೆ ನಿಮ್ಮ ಆಸ್ಪತ್ರೆಯಲ್ಲಿದ್ದರೆ ಅದಕ್ಕೆ ರಾಜ್ಯದ ಆದೇಶ ಕಾಯಬೇಕಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ವಿಷಯ ಇಡಲು ಕೇಳಿ. ಹೋಗುವಾಗ ಮೂರು ಕೊಟೇಶನ್ ಕೈಯಲ್ಲಿರಲಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಪ್ರದೇಶಾಭಿವೃದ್ಧಿ ಮಂಡಳಿ ಎಂಬ ಇನ್ನೊಂದು ಬಾಗಿಲೂ ಇದೆ.

ಶಾಸಕರ ಬಾಯಿಂದ ‘ಮಾಡೋಣ ಬಿಡಿ’ ಬಂದರೆ ಅದು ಇನ್ನೂ ಏನೂ ಅಲ್ಲ. ಪತ್ರದ ಪ್ರತಿ ಕೈಗೆ ಬಂದಾಗ ಕೆಲಸ ಶುರು.

ಹಂತ 7: ಸದನದೊಳಗೆ ಒಂದು ಪ್ರಶ್ನೆ

ವಿಧಾನಮಂಡಲದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ವಿದ್ಯಾರ್ಥಿಗಳು ಎರಡನೆಯದನ್ನೇ ಕೇಳಿಸುವುದು ಜಾಣತನ. ಪೈಪೋಟಿ ಕಡಿಮೆ, ತಾಲ್ಲೂಕುವಾರು ಅಂಕಿಯ ಅನುಬಂಧ ಸಿಗುತ್ತದೆ, ಅದು ಸದನದ ದಾಖಲೆ.

ಪ್ರಶ್ನೆಗೆ ಅದರದ್ದೇ ಒಂದು ಅಚ್ಚು ಇದೆ. ಅದೇ ಅಚ್ಚಿನಲ್ಲಿ ಬರೆದುಕೊಟ್ಟರೆ ಶಾಸಕರ ಕಚೇರಿ ಸಹಿ ಮಾಡಿಸಿ ಕಳಿಸುತ್ತದೆ:

‘ಅ) ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ನೇತ್ರ ಸಹಾಯಕ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಆ) ಬಂದಿದ್ದಲ್ಲಿ, ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಹುದ್ದೆಗಳೆಷ್ಟು (ತಾಲ್ಲೂಕುವಾರು ಮಾಹಿತಿ ನೀಡುವುದು), ಇ) ಸದರಿ ಹುದ್ದೆಗಳ ವಿದ್ಯಾರ್ಹತೆಯಲ್ಲಿ ಆಪ್ಟೋಮೆಟ್ರಿ ಪದವಿಯನ್ನು ಸೇರಿಸುವ ಪ್ರಸ್ತಾವನೆ ಸರ್ಕಾರದ ಮುಂದಿದೆಯೇ, ಈ) ಇದ್ದಲ್ಲಿ, ಯಾವ ಹಂತದಲ್ಲಿದೆ?’

‘ಅ’ಗೆ ‘ಇಲ್ಲ’ ಎಂದು ಉತ್ತರ ಬಂದರೆ ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಬರೆದು ಮುಗಿಸುವ ಅಪಾಯವಿದೆ. ಅದಕ್ಕೇ ಅಂಕಿ ಕೇಳುವ ಭಾಗವನ್ನು ‘ಬಂದಿದ್ದಲ್ಲಿ’ ಎಂಬುದರಿಂದ ಬಿಡಿಸಿ, ಮೊದಲನೆಯದಾಗಿ ಇಡುವುದು ಇನ್ನೂ ಕ್ಷೇಮ. ಸೂಚನೆ ಕೊಡಲು ಕನಿಷ್ಠ 15 ದಿನ ಮೊದಲು ಎಂದು ಲೆಕ್ಕವಿಡಿ; ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಪ್ರಶ್ನೆ ಶಾಸಕರ ಕೈಯಲ್ಲಿರಬೇಕು.

ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಹತ್ತು ದಿನದ ಆಚೀಚೆ. ಅಲ್ಲಿ ಹೊರಗೆ ಹತ್ತಾರು ಸಂಘಟನೆಗಳ ಟೆಂಟುಗಳು. ಅವುಗಳ ನಡುವೆ ಮೂವತ್ತು ವಿದ್ಯಾರ್ಥಿಗಳ ಟೆಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ಉತ್ತರ ಕರ್ನಾಟಕದ ಪ್ರಶ್ನೆಗಳಿಗೆ ಅಲ್ಲಿ ಹೆಚ್ಚು ಕಿವಿ ಇರುವುದರಿಂದ ಒಳಗೆ ಹೋಗುವ ಒಂದು ಪ್ರಶ್ನೆಗೇ ಹೆಚ್ಚು ಬೆಲೆ.

ಬಜೆಟ್ ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಹಣ ಬೇಕಾದ ಬೇಡಿಕೆಯನ್ನು ಮಾರ್ಚ್ 23ರಂದು ಕೊಡುವುದು ಮದುವೆ ಮುಗಿದ ಮೇಲೆ ಓಲಗ ಊದಿಸಿದ ಹಾಗೆ. ಇಲಾಖೆಗಳು ಪ್ರಸ್ತಾವನೆ ತಯಾರಿಸುವ ನವೆಂಬರ್ ಹೊತ್ತಿಗೇ ಕೊಡಿ. ಹಾಗೆ ನೋಡಿದರೆ ವರ್ಷದ ಲೆಕ್ಕ ಹೀಗಾಗುತ್ತದೆ: ಜೂನ್, ಜುಲೈನಲ್ಲಿ ತಂಡ ಮತ್ತು ಆರ್‌ಟಿಐ, ಸೆಪ್ಟೆಂಬರ್ ಹೊತ್ತಿಗೆ ಉತ್ತರ, ಅಕ್ಟೋಬರ್‌ನ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ, ಅಂದು ಸ್ಥಳೀಯ ಪತ್ರಿಕೆಗೆ ನಿಮ್ಮ ತಾಲ್ಲೂಕಿನ ಅಂಕಿ, ನವೆಂಬರ್‌ನಲ್ಲಿ ಮನವಿ ಮತ್ತು ಪ್ರಶ್ನೆ. ಪರೀಕ್ಷೆಯ ವೇಳಾಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಂತಿಮ ವರ್ಷದವರು ಫೇಲಾದರೆ ಮುಂದಿನ ಬ್ಯಾಚಿನ ತಂದೆತಾಯಿ ತಮ್ಮ ಮಕ್ಕಳನ್ನು ಈ ಕೆಲಸಕ್ಕೆ ಬಿಡುವುದಿಲ್ಲ.

ಹಂತ 8: ಮೇಲ್ಮನೆಯ ದಾರಿ, ಸೀನಿಯರ್‌ಗಳಿಗೆ

ಎಲ್ಲರೂ ಮರೆಯುವ ಬಾಗಿಲು ಇದು. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ ಏಳು ಸ್ಥಾನ ಪದವೀಧರ ಕ್ಷೇತ್ರದ್ದು. ಇಲ್ಲಿ ಮತದಾರರಾಗಲು ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು, ಕ್ಷೇತ್ರದ ನಿವಾಸಿಯಾಗಿರಬೇಕು, ಫಾರಂ 18 ತುಂಬಬೇಕು. ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಕಳೆದ ಸಲ ಹೆಸರಿತ್ತು ಎಂದು ಕುಳಿತರೆ ಮತ ಹೋಯಿತು.

ಓದುತ್ತಿರುವವರಿಗೆ ಇಲ್ಲಿ ಮತವಿಲ್ಲ. ಹಳೆಯ ವಿದ್ಯಾರ್ಥಿಗಳಿಗಿದೆ. ಕನ್ನಡಕದ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ಸೀನಿಯರ್‌ಗಳಿಗೆ ಫಾರಂ ತಲುಪಿಸಿ, ಅಂಕಪಟ್ಟಿಗೆ ದೃಢೀಕರಣ ಮಾಡಿಸಿ, ತುಂಬಿಸಿ ಕೊಡುವುದು ಜೂನಿಯರ್‌ಗಳು ಮಾಡಬಹುದಾದ ಕೆಲಸ. ವಿಧಾನಸಭೆಗೆ ಹೋಲಿಸಿದರೆ ಇಲ್ಲಿ ಮತದಾರರು ಬಹಳ ಕಡಿಮೆ, ಹಾಗಾಗಿ ಇನ್ನೂರು ನೋಂದಣಿಯ ಪಟ್ಟಿ ಹಿಡಿದು ಹೋದ ಗುಂಪನ್ನು ಅಭ್ಯರ್ಥಿ ಕೂರಿಸಿ ಮಾತಾಡಿಸುತ್ತಾರೆ.

ಎಡವುವ ಕಡೆಗಳು

ನೇತ್ರತಜ್ಞರನ್ನು ಬೈಯುವುದು ಮೊದಲನೆಯದು. ‘ಅವರು ನಮ್ಮನ್ನು ಬೆಳೆಯಲು ಬಿಡುತ್ತಿಲ್ಲ’ ಎಂದು ಮನವಿಯಲ್ಲಿ ಬರೆದರೆ ಅದನ್ನು ಓದಿ ಅಭಿಪ್ರಾಯ ಕೊಡಬೇಕಾದ ಜಂಟಿ ನಿರ್ದೇಶಕರೇ ನೇತ್ರತಜ್ಞರಾಗಿರಬಹುದು. ನಿಮ್ಮ ಬೇಡಿಕೆಯನ್ನು ಅವರ ಹೊರೆ ಇಳಿಸುವ ಮಾತಾಗಿ ಇಡಿ: ಕನ್ನಡಕದ ನಂಬರಿಗೆ ಬಂದವರನ್ನು ಆಪ್ಟೋಮೆಟ್ರಿಸ್ಟ್ ನೋಡಿದರೆ ಪೊರೆ, ಗ್ಲಾಕೋಮಾಕ್ಕೆ ಡಾಕ್ಟರಿಗೆ ಸಮಯ ಉಳಿಯುತ್ತದೆ. ಶಿಬಿರದ ಬ್ಯಾನರಿನಲ್ಲಿ ‘ಕಣ್ಣಿನ ಡಾಕ್ಟರ್’ ಎಂದು ಬರೆಸಿಕೊಳ್ಳುವುದೂ ಬೇಡ. ಒಂದು ಫೋಟೊ ಸಾಕು, ಎದುರಾಳಿಗೆ ಅದೇ ದಾಖಲೆ.

ಡಿಪ್ಲೊಮಾದವರ ವಿರೋಧ ಇನ್ನೂ ಸೂಕ್ಷ್ಮ. ಈಗಿನ ಹುದ್ದೆಗಳಲ್ಲಿ ಇರುವವರು ಅವರೇ. ‘ಡಿಪ್ಲೊಮಾ ತೆಗೆದು ಪದವಿ ಹಾಕಿ’ ಎಂದರೆ ನೌಕರರ ಸಂಘ ಎದ್ದು ನಿಲ್ಲುತ್ತದೆ, ನ್ಯಾಯವಾಗಿಯೇ. ‘ಪದವಿಯನ್ನೂ ಸೇರಿಸಿ’ ಎಂಬ ಒಂದು ‘ಊ’ ಅಕ್ಷರ ಎಷ್ಟೋ ಜಗಳ ತಪ್ಪಿಸುತ್ತದೆ. ಮನವಿಗೆ ಮೊದಲು ನಿಮ್ಮ ಜಿಲ್ಲೆಯ ಹಿರಿಯ ನೇತ್ರ ಸಹಾಯಕರೊಬ್ಬರನ್ನು ಕಂಡು ಮಾತಾಡಿ. ಕಡತ ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಪಕ್ಷಗಳ ವಿದ್ಯಾರ್ಥಿ ಘಟಕಗಳು ಬಂದು ‘ನಾವು ಹೋರಾಡುತ್ತೇವೆ’ ಎನ್ನುತ್ತವೆ. ವೈಯಕ್ತಿಕವಾಗಿ ಯಾರು ಯಾವ ಪಕ್ಷದವರಾದರೂ ಆಗಿರಿ. ವೃತ್ತಿಯ ಮನವಿಯ ಮೇಲೆ ಪಕ್ಷದ ಶಾಲು ಬಿದ್ದರೆ ಸರ್ಕಾರ ಬದಲಾದ ದಿನ ಕಡತವೂ ಅನಾಥ. ಒಂದೇ ಮನವಿಯನ್ನು ಆಡಳಿತ ಪಕ್ಷ, ವಿರೋಧ ಪಕ್ಷ ಇಬ್ಬರಿಗೂ ಕೊಡಿ, ಕೊಟ್ಟಿದ್ದೇವೆಂದು ಇಬ್ಬರಿಗೂ ಹೇಳಿ. ನೀತಿ ಸಂಹಿತೆ ಇರುವಾಗ ಹೊಸ ಘೋಷಣೆ ಸಾಧ್ಯವಿಲ್ಲ, ಆಗ ಮನವಿ ಒಯ್ಯಬೇಡಿ. ಪ್ರಣಾಳಿಕೆ ಸಮಿತಿಗಳಿಗೆ ಕೊಡುವುದಾದರೆ ಚುನಾವಣೆಗೆ ಆರು ತಿಂಗಳು ಮೊದಲೇ ಕೊಡಿ.

ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ, ಪೊಲೀಸ್ ಅನುಮತಿ ಬೇಕು. ವಿಧಾನಸೌಧದತ್ತ ಮೆರವಣಿಗೆ ಹೊರಟರೆ ಕೇಸು ಬೀಳಬಹುದು, ಅದು ಮುಂದೆ ಪಾಸ್‌ಪೋರ್ಟ್ ಪರಿಶೀಲನೆಯವರೆಗೂ ಕಾಡಬಹುದು. ಮೊದಲ ವರ್ಷದವರನ್ನು ಕಡ್ಡಾಯವಾಗಿ ಕರೆದೊಯ್ಯುವುದಂತೂ ಬೇಡವೇ ಬೇಡ.

ಕಾಲೇಜಿನ ಲೆಟರ್‌ಹೆಡ್, ಲೋಗೊ ಬಳಸಬೇಕಾದರೆ ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಪಡೆಯಿರಿ. ಸಿಗದಿದ್ದರೆ ವೃತ್ತಿ ಸಂಘದ ವಿದ್ಯಾರ್ಥಿ ಸದಸ್ಯರಾಗಿ ಅದರ ಹೆಸರಿನಲ್ಲಿ ಹೋಗಿ. ಸ್ವಂತ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಏಳು ಜನ ಸೇರಿ ನೋಂದಾಯಿಸಬಹುದು, ಆದರೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವವರು ಯಾರು ಎಂದು ಮೊದಲು ಕೇಳಿಕೊಳ್ಳಿ. ಇಂಟರ್ನ್‌ಶಿಪ್ ಮುಗಿಸಿ ಚದುರಿಹೋಗುವ ವಿದ್ಯಾರ್ಥಿಗಳು ಕಟ್ಟಿದ ಸಂಘ ಮೂರನೇ ವರ್ಷಕ್ಕೆ ಕಾಗದದ ಮೇಲೂ ಉಳಿಯುವುದು ಕಷ್ಟ.

ಹಂತ 9: ಕಡತ ಹಸ್ತಾಂತರ

ನೇಮಕಾತಿ ನಿಯಮದ ಒಂದು ತಿದ್ದುಪಡಿ ಆರ್ಥಿಕ ಇಲಾಖೆ, ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ, ಕಾನೂನು ಇಲಾಖೆ ಸುತ್ತಿ ಬರುವಷ್ಟರಲ್ಲಿ ನಿಮ್ಮ ಬ್ಯಾಚು ಕಾಲೇಜು ಬಿಟ್ಟಿರುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಒಂದು ಬಾಕ್ಸ್ ಫೈಲ್ ಇಡಿ: ಸ್ವೀಕೃತಿ ಮುದ್ರೆಯಿರುವ ಮೂಲ ಪ್ರತಿಗಳು, ಆರ್‌ಟಿಐ ಉತ್ತರ ಮತ್ತು ಅದರ ಲಕೋಟೆ (ಅಂಚೆ ಮುದ್ರೆಯ ದಿನಾಂಕ ಮೇಲ್ಮನವಿಗೆ ಬೇಕಾಗುತ್ತದೆ), ಶಾಸಕರ ಪತ್ರಗಳು, ಸದನದ ಉತ್ತರ. ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ಪ್ರತಿ ಭೇಟಿಗೆ ಒಂದು ಸಾಲು: ದಿನಾಂಕ, ಯಾವ ಕಚೇರಿ, ಯಾವ ಹುದ್ದೆಯವರು, ಏನೆಂದರು, ಮತ್ತೆ ಯಾವಾಗ ಬರಲು ಹೇಳಿದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೆ ಎಂಬ ಧೈರ್ಯ ಬೇಡ, ಫೋನ್ ಬದಲಾದ ದಿನ ಅದು ಹೋಯಿತು.

ಹಸ್ತಾಂತರ ಇಂಟರ್ನ್‌ಶಿಪ್ ಆರಂಭದಲ್ಲೇ ಆಗಲಿ, ಕೊನೆಗಲ್ಲ. ಎರಡನೇ ವರ್ಷದ ಇಬ್ಬರನ್ನು ಆರಿಸಿ, ಇಂಟರ್ನ್‌ಗಳು ಊರಲ್ಲಿರುವಾಗಲೇ ಒಮ್ಮೆ ಅವರನ್ನು ಜೊತೆಗೆ ಕರೆದೊಯ್ದು ಟಪಾಲು ವಿಭಾಗ, ಶಾಸಕರ ಪಿಎ, ಕಡತ ನೋಡುವ ವಿಷಯ ನಿರ್ವಾಹಕರು, ಈ ಮೂವರಿಗೆ ಮುಖ ಪರಿಚಯ ಮಾಡಿಸಿ. ‘ಇನ್ನು ಮೇಲೆ ಇವರು ಬರ್ತಾರೆ ಸರ್’ ಎಂದು ಹೇಳಿ, ಕಡತ ಸಂಖ್ಯೆ ಬರೆದ ಚೀಟಿಯನ್ನು ಅವರೆದುರೇ ಜೂನಿಯರ್ ಕೈಗೆ ಕೊಡಿ.